ಬಸ್ತಿಹಳ್ಳಿಯ ಶಾಸನವೂ ವೆಬ್‌ಸೈಟ್ ಟೆಸ್ಟಿಂಗೂ

ಹಳೇಬೀಡಿಗೆ ಹೋದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಸ್ಥಾನ ನೋಡಿ, ನಾಲ್ಕು ಫೋಟೋ ಹೊಡೆದು, ಬೇಲೂರಿನ ಬಸ್ಸು ಹತ್ತಿಬಿಡುತ್ತಾರೆ. ಪಕ್ಕದ ಬಸ್ತಿಹಳ್ಳಿಗೆ ಹೋಗುವವರು ಕಮ್ಮಿ. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಅಂತ ಮೂರು ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳನ್ನಂತೂ ಕನ್ನಡಿಯ ಹಾಗೆ ನಯ ಮಾಡಿದ್ದಾರೆ, ಮುಖ ಕಾಣುತ್ತೆ!

ಇದನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ, ದಂಡನಾಯಕ ಗಂಗರಾಜನ ಮಗ. ತೀರಿಹೋದ ತಂದೆಯ ನೆನಪಿಗಾಗಿ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಕೈ ಸೇರಿದಾಗ ಅವನು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಖುಷಿಗೆ ದೇವರಿಗೆ ವಿಜಯ ಪಾರ್ಶ್ವ ಅಂತಲೂ ಮಗನಿಗೆ ವಿಜಯ ನರಸಿಂಹ ಅಂತಲೂ ಹೆಸರಿಟ್ಟ. ಇಷ್ಟೂ ನಮಗೆ ಗೊತ್ತಿರುವುದು ಅಲ್ಲಿನ ಶಾಸನದಿಂದ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟವಾಗಿ ಅಚ್ಚು ಹಾಕಿಸಿದರು.

ಕಲ್ಲಿನಿಂದ ಕಾಗದಕ್ಕೆ ಬಂದದ್ದು ಈಗ ಕಂಪ್ಯೂಟರಿಗೆ ಬರುತ್ತಿದೆ. ಗೆಳೆಯರ ಒಂದು ಪುಟ್ಟ ಶಾಸನ ತಾಣವನ್ನು ಬಿಡುಗಡೆಗೆ ಮೊದಲು ಟೆಸ್ಟ್ ಮಾಡುವ ಕೆಲಸ ನನಗೆ ಬಂತು. ಆಫೀಸಿನಲ್ಲಿ ದಿನಾ ಮಾಡುವುದೇ ಇದು. ಲಿಂಕು, ಲಾಗಿನ್ನು, ಪುಟ ತೆರೆಯುವ ವೇಗ, ಎಲ್ಲಾ ಪಾಸ್. ಆದರೆ ಕನ್ನಡ?

ಮೊದಲ ಪರೀಕ್ಷೆಗೆ ದೇವರ ಹೆಸರೇ ಸಾಕು. 'ಪಾರ್ಶ್ವ'ದಲ್ಲಿ ಅರ್ಕಾವತ್ತು ಕೊನೆಗೆ ಕಾಣುತ್ತೆ. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಂಡ ಹಾಗೇ ಕೊನೆಗೇ ಕೀಲಿಸುತ್ತಿದ್ದೆವು. ಯುನಿಕೋಡಿನಲ್ಲಿ ಉಚ್ಚಾರಣೆಯಂತೆ ರ್ ಮೊದಲು ಬರಬೇಕು. ಹಳೆಯ ಫೈಲು ಪರಿವರ್ತಿಸುವಾಗ ಇದು ತಪ್ಪಿದರೆ ಬಸದಿ ಸರ್ಚಿನಲ್ಲಿ ಸಿಗೋದೇ ಇಲ್ಲ. 'ಪಾರ‍್ಶ್ವ' ಅಂತ ಬರೆದರಂತೂ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಸೇರಿಕೊಂಡಿರುತ್ತೆ. ಓದುವವರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಎರಡನೆಯದು ಹಳಗನ್ನಡದ ಅಕ್ಷರಗಳು. 'ಅರಿ' ಅಂದರೆ ಶತ್ರು, 'ಅಱಿ' ಅಂದರೆ ತಿಳಿ. 'ಅಳಿ' ದುಂಬಿ, 'ಅೞಿ' ನಾಶವಾಗು. ಟೈಪ್ ಮಾಡುವವರು ಱ, ೞ ಬದಲು ರ, ಳ ಒತ್ತಿದರೆ ಯಾವ ಟೆಸ್ಟಿಂಗ್ ಟೂಲೂ ತಕರಾರು ಮಾಡಲ್ಲ. ಹಳಗನ್ನಡ ಓದಬಲ್ಲವರು ಮಾತ್ರ ಹಿಡಿಯಬಲ್ಲರು.

ಈ ೞ ಕತೆ ಇನ್ನೂ ಮಜಾ. 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿ ಬಂತು. ಅದರ ಪಟ್ಟಿಯಲ್ಲಿ ಈ ಅಕ್ಷರದ ಹೆಸರು 'ಕನ್ನಡ ಲೆಟರ್ ಎಫ್‌ಎ', ಅಂದರೆ ಫ಼! ಪಂಪನ ಕಾಲದ ಅಕ್ಷರಕ್ಕೆ ಫ್ಯಾನಿನ ಸದ್ದು. ಕನ್ನಡ ಬಲ್ಲವರೊಬ್ಬರು ಕೊನೆಯ ಸಲ ಪಟ್ಟಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸಬಾರದು ಅನ್ನೋದು ಈಗ ಯುನಿಕೋಡಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ, ತಪ್ಪು ಹಾಗೇ ಉಳಿದಿದೆ. ಹಳಗನ್ನಡದ ನಕಾರಪೊಲ್ಲು ೝ ಅಂತೂ ಯುನಿಕೋಡಿಗೆ ಬಂದದ್ದು 2021ರಲ್ಲಿ, 14ನೇ ಆವೃತ್ತಿಯಲ್ಲಿ. ಹಳೆಯ ಮೊಬೈಲಿನಲ್ಲಿ ಅದರ ಜಾಗಕ್ಕೆ ಬರೀ ಚೌಕ ಕಾಣಬಹುದು. ಅದೂ ನನ್ನ ಟೆಸ್ಟ್ ಪಟ್ಟಿಗೆ ಸೇರಿತು.

ವೆಬ್‌ಸೈಟ್ ತಾನೇ, ಆಮೇಲೆ ತಿದ್ದಿದರಾಯ್ತು ಅಂತ ನಾವು ಸಾಫ್ಟ್‌ವೇರಿನವರು ಧೈರ್ಯವಾಗಿರುತ್ತೇವೆ. ಆದರೆ ಬಿಡುಗಡೆಯಾದ ಪಠ್ಯವನ್ನು ಜನ ನಕಲು ಮಾಡ್ತಾರೆ, ಪುಸ್ತಕಕ್ಕೆ ಹಾಕ್ತಾರೆ. ನಮ್ಮ ಪುಟ ತಿದ್ದಿದರೂ ಆ ನಕಲುಗಳು ತಿದ್ದಿಕೊಳ್ಳಲ್ಲ.

ಅದಕ್ಕೇ ತಾಣವನ್ನು ಇನ್ನೂ ಬಿಡುಗಡೆ ಮಾಡಿಲ್ಲ. ಮೊದಲು ಕನ್ನಡ ಮೇಷ್ಟ್ರೊಬ್ಬರ ಕೈಗೆ ಮೊಬೈಲ್ ಕೊಟ್ಟು ಸಾಲು ಸಾಲಾಗಿ ಓದಿಸಬೇಕು. ಕನ್ನಡದಲ್ಲಿ ಏನಾದರೂ ತಾಣ ಮಾಡುವವರಿದ್ದರೆ ನೀವೂ ಹಾಗೇ ಮಾಡಿ. ಅಂದ ಹಾಗೆ, ಮುಂದಿನ ಸಲ ಹಳೇಬೀಡಿಗೆ ಹೋದಾಗ ಬಸ್ತಿಹಳ್ಳಿ ತಪ್ಪಿಸಬೇಡಿ!