ಸೀಟಿನ ಲೆಕ್ಕ: ಹಳೇ ಮೈಸೂರಿನ ವೈದ್ಯರ ವಿವಾಹ ಮತ್ತು ಎಂ. ಎನ್. ಶ್ರೀನಿವಾಸರ ವರದಕ್ಷಿಣೆ ವಿಚಾರ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆ ತಲಕಾಡಿಗೆ ಸಮೀಪದ, ಕಾವೇರಿ ದಡದ ಊರು. ಊರು ಚಿಕ್ಕದಾದರೂ ಅದರ ಹೆಸರು ನೂರಾರು ಮನೆಗಳ ಕುಲವೃತ್ತಾಂತದಲ್ಲಿ ಸೇರಿಕೊಂಡಿದೆ. ಮೈಸೂರು ಸೀಮೆಯ ಅಯ್ಯಂಗಾರರಲ್ಲಿ ಮಂಡ್ಯಂ, ಹೆಬ್ಬಾರ್ ಎಂಬ ಪಂಗಡಗಳಿರುವ ಹಾಗೆಯೇ ಹೆಮ್ಮಿಗೆ ಎಂಬುದೂ ಒಂದು ಪಂಗಡ. ಪಂಚೆ, ನಾಮ, ಪಾರಾಯಣಗಳಲ್ಲಿ ಈ ಪಂಗಡಗಳ ನಡುವೆ ಹೊರಗಿನವರ ಕಣ್ಣಿಗೆ ಬೀಳುವಷ್ಟು ಅಂತರವಿಲ್ಲ. ಅಂತರವೆಲ್ಲ ಇದ್ದದ್ದು ಹೆಣ್ಣು ಕೊಡುವ, ತರುವ ವಿಚಾರದಲ್ಲಿ.

ಇಂದು ಇದೇ ಸೀಮೆಯಲ್ಲಿ ಮಗ ಅಥವಾ ಮಗಳು ಡಾಕ್ಟರಾಗಿರುವ ಮನೆಗೆ ಸಂಬಂಧ ಕೇಳಿಕೊಂಡು ಬಂದವರ ಪ್ರಶ್ನೆಗಳೇ ಬೇರೆ. ‘ಹುಡುಗನ ಪಿಜಿ ಆಯ್ತಾ?’, ‘ಕ್ಲಿನಿಕಲ್ಲೋ ನಾನ್ ಕ್ಲಿನಿಕಲ್ಲೋ?’, ‘ಬಾಂಡ್ ಮುಗೀತಾ?’ ಇಷ್ಟಕ್ಕೆ ಉತ್ತರ ಸಿಕ್ಕಿದ ಮೇಲೆ ಗೋತ್ರ, ನಕ್ಷತ್ರ. ವಧೂವರರ ಜಾಹೀರಾತುಗಳಲ್ಲಿ ‘ಡಾಕ್ಟರ್ ವಧುವೇ ಬೇಕು’ ಎಂಬ ಸಾಲಿನ ಕೆಳಗೆ ‘ಒಳಪಂಗಡದ ಅಭ್ಯಂತರವಿಲ್ಲ’ ಎಂಬ ಸಾಲು ಬರುವುದನ್ನೂ ಎಲ್ಲರೂ ಕಂಡಿದ್ದಾರೆ. ಜಾತಿಯ ಅಭ್ಯಂತರವಿಲ್ಲ ಎಂಬ ಸಾಲು ಅಷ್ಟು ಸುಲಭವಾಗಿ ಕಾಣಸಿಗುವುದಿಲ್ಲ.

ಒಳಪಂಗಡಗಳ ಗೋಡೆ ಸಡಿಲವಾಗುವ ವಿಷಯದಲ್ಲಿ ವಿದ್ವಾಂಸರ ನಡುವೆ ಹೆಚ್ಚಿನ ತಕರಾರಿಲ್ಲ. ಜಿ. ಎಸ್. ಘುರ್ಯೆ 1932ರಲ್ಲೇ ಒಳಪಂಗಡಗಳ ವಿಲೀನವನ್ನು ಚರ್ಚಿಸಿದ್ದರು. ಅವರ ಶಿಷ್ಯರಾದ ಎಂ. ಎನ್. ಶ್ರೀನಿವಾಸರು 1942ರ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ ಗ್ರಂಥದಲ್ಲಿ ಈ ಪ್ರಾಂತದ ವಿವಾಹ ಪದ್ಧತಿಗಳನ್ನು ಜಾತಿವಾರು ದಾಖಲಿಸಿದರು. ಹೆಣ್ಣಿಗೆ ತೆರ ಕೊಡುತ್ತಿದ್ದ ಸಮುದಾಯಗಳು ವರದಕ್ಷಿಣೆಗೆ ತಿರುಗಿದ್ದನ್ನು ಕರ್ನಾಟಕದ ಹಳ್ಳಿಗಳ ಆಧಾರದ ಮೇಲೆ ವಿವರಿಸಿದ ಕಾಲ್ಡ್‌ವೆಲ್, ರೆಡ್ಡಿ ಮತ್ತು ಕಾಲ್ಡ್‌ವೆಲ್ (1983), ಜನಸಂಖ್ಯೆ ಏರಿದಂತೆ ವಯಸ್ಸಿಗೆ ತಕ್ಕ ವರಗಳ ಅಭಾವ ಉಂಟಾಯಿತೆಂಬುದಕ್ಕೆ ಒತ್ತು ಕೊಟ್ಟರು. ಇವಿಷ್ಟನ್ನೂ ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ನನ್ನ ತಕರಾರು ಇರುವುದು ವರದಕ್ಷಿಣೆಯನ್ನು ಕುರಿತು ಶ್ರೀನಿವಾಸರು ನೀಡಿದ, 1984ರಲ್ಲಿ ಪುಸ್ತಕರೂಪದಲ್ಲಿ ಬಂದ ಜೆ. ಪಿ. ನಾಯಕ್ ಸ್ಮಾರಕ ಉಪನ್ಯಾಸದ ಒಂದು ಮುಖ್ಯ ಅಂಶದ ಬಗ್ಗೆ. ಇಂದಿನ ವರದಕ್ಷಿಣೆಗೂ ಹಿಂದಿನ ಸ್ತ್ರೀಧನ, ಕನ್ಯಾದಾನದ ದಕ್ಷಿಣೆಗಳಿಗೂ ಸಂಬಂಧವಿಲ್ಲ. ಬ್ರಿಟಿಷ್ ಆಳ್ವಿಕೆಯ ಕಾಲದಿಂದ ಹಬ್ಬಿದ ಹಣದ ವ್ಯವಹಾರ, ಇಂಗ್ಲಿಷ್ ವಿದ್ಯೆ ಮತ್ತು ಸಂಬಳದ ನೌಕರಿ ಇವುಗಳಿಂದ ಅದು ಹುಟ್ಟಿತು. ಓದಿ ನೌಕರಿ ಹಿಡಿದ ಹುಡುಗರು ಆಯಾ ಜಾತಿಯಲ್ಲಿ ವಿರಳವಾಗಿದ್ದರಿಂದ ಅವರಿಗೆ ಬೆಲೆ ಬಂತು ಎಂಬುದು ಅವರ ವಾದದ ತಿರುಳು. ವರದಕ್ಷಿಣೆಯೆಂದರೆ ಮಗಳಿಗೆ ಮುಂಗಡವಾಗಿ ಸಿಕ್ಕ ಪಿತ್ರಾರ್ಜಿತ ಎಂಬರ್ಥದ ಗುಡಿ ಮತ್ತು ತಂಬಯ್ಯ ಅವರ 1973ರ ವ್ಯಾಖ್ಯಾನವನ್ನು ಅವರು ಒಪ್ಪಲಿಲ್ಲ. ಅಲ್ಲಿಯವರೆಗೆ ನಾನೂ ಅವರ ಪಕ್ಷವೇ. ಆದರೆ ವೈದ್ಯರ ಮದುವೆಗೆ ಬಂದಾಗ ಸಂಬಳದ ಈ ವಿವರಣೆ ಕೈಕೊಡುತ್ತದೆ.

ಕಾರಣ ಸರಳ. ಮದುವೆಯ ಮಾತುಕತೆ ಬಿರುಸಾಗುವ ವಯಸ್ಸಿನಲ್ಲಿ ವೈದ್ಯನಿಗೆ ಹೇಳಿಕೊಳ್ಳುವಂಥ ಸಂಬಳವೇ ಇರುವುದಿಲ್ಲ. ಹದಿನೆಂಟಕ್ಕೆ ಕಾಲೇಜು ಸೇರಿದವನ ಎಂ.ಬಿ.ಬಿ.ಎಸ್. ಮುಗಿಯಲು ಹೌಸ್‌ಮನ್‌ಷಿಪ್ ಸೇರಿ ಐದೂವರೆ ವರ್ಷ ಬೇಕು. ಪಿಜಿ ಪ್ರವೇಶ ಪರೀಕ್ಷೆಗೆ ಒಂದೋ ಎರಡೋ ವರ್ಷ ಕೋಚಿಂಗ್. ಎಂ.ಡಿ. ಅಥವಾ ಎಂ.ಎಸ್.ಗೆ ಮೂರು ವರ್ಷ. ಡಿ.ಎಂ. ಅಥವಾ ಎಂ.ಸಿ.ಎಚ್.ಗೆ ಮತ್ತೆ ಮೂರು. ನೌಕರಿಯ ಆರ್ಡರ್ ಕೈಗೆ ಬಂದ ಇಂಜಿನಿಯರ್ ಇಪ್ಪತ್ತನಾಲ್ಕಕ್ಕೇ ಸಂಪಾದಿಸುತ್ತಿದ್ದರೆ, ಅವನ ಜೊತೆ ಪಿಯುಸಿ ಓದಿದ ಡಾಕ್ಟರು ಇಪ್ಪತ್ತೇಳಕ್ಕೂ ಸ್ಟೈಪೆಂಡ್ ನೆಚ್ಚಿಕೊಂಡು ನೈಟ್ ಡ್ಯೂಟಿಯಲ್ಲಿರುತ್ತಾನೆ. ಹಾಗಿದ್ದೂ ಸಂಬಂಧದ ಮಾರುಕಟ್ಟೆಯಲ್ಲಿ ಅವನ ತೂಕ ಕಡಿಮೆಯಾಗಿಲ್ಲ.

ಮುಂದೆ ಬರುವ ಸಂಪಾದನೆಯನ್ನು ನೋಡಿಯೇ ಬೆಲೆ ಕಟ್ಟುತ್ತಾರೆ ಎಂದು ಶ್ರೀನಿವಾಸರ ಪರವಾಗಿ ವಾದಿಸಬಹುದು. ಅದು ತಳ್ಳಿಹಾಕುವ ಮಾತಲ್ಲ. ಆದರೆ ವೈದ್ಯನ ಸಂಪಾದನೆ ಕಾದು ಕುಳಿತರೆ ತಾನಾಗಿ ಬರುವುದಿಲ್ಲ. ಅದಕ್ಕೆ ಮತ್ತಷ್ಟು ಹಣ ಹೂಡಬೇಕು. ಪಿಜಿ ಸೀಟು, ನರ್ಸಿಂಗ್ ಹೋಮಿಗೆ ಜಾಗ, ಸ್ಕ್ಯಾನಿಂಗ್ ಯಂತ್ರ, ಓ.ಟಿ. ಸಾಮಾನು ಹೀಗೆ ಖರ್ಚು ಸಾಲುಗಟ್ಟಿರುತ್ತದೆ. ಹೆಣ್ಣಿನ ಮನೆಯಿಂದ ಬರುವ ಹಣ ವರನಿಗೆ ತೆತ್ತ ಬೆಲೆ ಎಂಬುದಕ್ಕಿಂತ ಈ ಸಾಲಿನಲ್ಲಿ ಸೇರುವ ಬಂಡವಾಳ ಎಂದು ಓದಿದರೆ ವೃತ್ತಾಂತ ಹೆಚ್ಚು ಸಮಂಜಸವಾಗುತ್ತದೆ.

ಇದಕ್ಕೆ ಪೂರಕವಾಗಿ ವಿವಾಹ ಅಧ್ಯಯನಕಾರರು ಸಾಮಾನ್ಯವಾಗಿ ಮುಟ್ಟದ ಒಂದು ದಾಖಲೆಯನ್ನು ಮುಂದಿಡುತ್ತೇನೆ. ಕರ್ನಾಟಕ ಸರ್ಕಾರ 1989ರ ಜೂನ್ 5ರಂದು ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕ ನಿಗದಿ ಮಾಡಿ ಹೊರಡಿಸಿದ ಅಧಿಸೂಚನೆ ಅದು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000 ಮೀರದಂತೆ, ಹೊರರಾಜ್ಯದವರಿಗೆ 60,000 ಮೀರದಂತೆ ಎಂದು ಅದರಲ್ಲಿತ್ತು. ತುಮಕೂರಿನ ಕಾಲೇಜೊಂದರ ಪ್ರವೇಶದ ವಿಷಯದಲ್ಲಿ ಈ ಅಧಿಸೂಚನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮೋಹಿನಿ ಜೈನ್ ಪ್ರಕರಣವೆಂದು ಹೆಸರಾದ 1992ರ ತೀರ್ಪು ಶಿಕ್ಷಣದ ಹಕ್ಕಿನ ಚರಿತ್ರೆಯಲ್ಲಿ ಮೈಲಿಗಲ್ಲು. ಕಾನೂನು ಪಂಡಿತರು ಅದನ್ನು ಹಕ್ಕಿನ ದೃಷ್ಟಿಯಿಂದ ಓದುತ್ತಾರೆ. ನಾನಿಲ್ಲಿ ಓದುತ್ತಿರುವುದು ಮನೆಯ ಯಜಮಾನನ ಲೆಕ್ಕದ ದೃಷ್ಟಿಯಿಂದ. ಒಂದೇ ತರಗತಿ, ಒಂದೇ ಡಿಸೆಕ್ಷನ್ ಹಾಲ್, ಒಂದೇ ಪದವಿ. ಆದರೆ ಒಬ್ಬರ ತಂದೆ ಹೂಡಿದ್ದರ ಹನ್ನೆರಡೂವರೆ ಪಟ್ಟನ್ನು ಇನ್ನೊಬ್ಬರ ತಂದೆ ಹೂಡಬೇಕಾಗಬಹುದಿತ್ತು. ಇದು ಬರೀ ಅಧಿಕೃತ ಶುಲ್ಕ. ಕ್ಯಾಪಿಟೇಷನ್ ಹಣವನ್ನು ರಾಜ್ಯ 1984ರ ಕಾಯ್ದೆಯಲ್ಲೇ ನಿಷೇಧಿಸಿತ್ತು. ನಿಷೇಧಿಸಬೇಕಾಗಿ ಬಂತೆಂಬುದೇ ಅದರ ಹಾವಳಿಗೆ ಸಾಕ್ಷಿ.

1984 ಎಂಬ ವರ್ಷವನ್ನು ಗಮನಿಸಿ. ಶ್ರೀನಿವಾಸರ ಉಪನ್ಯಾಸ ಅಚ್ಚಾದದ್ದು ಅದೇ ವರ್ಷ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ವಿದ್ಯಾಸಂಸ್ಥೆ ಮೈಸೂರಿನಲ್ಲಿ ಜೆಎಸ್‌ಎಸ್ ವೈದ್ಯಕೀಯ ಕಾಲೇಜನ್ನು ತೆರೆದದ್ದೂ ಅದೇ ವರ್ಷ. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದ ಸರ್ಕಾರಿ ಕಾಲೇಜೊಂದನ್ನೇ ಕಂಡಿದ್ದ ಕಾವೇರಿ, ಕಪಿಲೆಯ ದಡದ ರೈತ ಮನೆತನಗಳ ಮಕ್ಕಳಿಗೆ ಡಾಕ್ಟರಾಗುವ ಇನ್ನೊಂದು ದಾರಿ ತೆರೆಯಿತು. ಜಿಲ್ಲೆಯ ಸಮಾಜಕ್ಕೆ ಇದರಿಂದ ಆದ ಉಪಕಾರ ದೊಡ್ಡದು. ಅದೇ ಸುತ್ತೂರಿನ ಜಾತ್ರೆಯಲ್ಲಿ ಸಾಮೂಹಿಕ ವಿವಾಹಗಳೂ ನಡೆಯುತ್ತವೆ; ಖರ್ಚಿಲ್ಲದ ಮದುವೆಯ ಆ ಚಪ್ಪರದಲ್ಲಿ ಹಸೆಮಣೆ ಏರುವ ಡಾಕ್ಟರುಗಳು ಎಷ್ಟು ಮಂದಿ ಎಂದು ಓದುಗರೇ ಊಹಿಸಿಕೊಳ್ಳಲಿ.

ಈಗ ಮುಖ್ಯ ಪ್ರತಿಪಾದನೆ. ಡಾಕ್ಟರಿಗೆ ಡಾಕ್ಟರೇ ಆಗಬೇಕೆಂಬ ಹಟಕ್ಕೆ ಎಲ್ಲರೂ ಕೊಡುವ ಕಾರಣ ಹೊಂದಾಣಿಕೆ: ರಾತ್ರಿ ಎರಡಕ್ಕೆ ಬಂದ ಹೆರಿಗೆಯ ಕರೆಯನ್ನು ಡಾಕ್ಟರಲ್ಲದ ಸಂಗಾತಿ ಎಷ್ಟು ದಿನ ಸಹಿಸಿಯಾರು? ಇದರಲ್ಲಿ ಸತ್ಯವಿದೆ. ಆದರೆ ರಾತ್ರಿ ಪಾಳಿ ನರ್ಸಿಗೂ ಇದೆ, ಪೊಲೀಸರಿಗೂ ಇದೆ. ಅವರ ಮನೆಗಳಲ್ಲಿ ಈ ಹಟ ಇಷ್ಟು ಬಿಗಿಯಾಗಿಲ್ಲ. ಎರಡು ಮನೆಗಳೂ ಸೀಟಿಗೆ ಹಣ ಹೂಡಿದ ಮೇಲೆ ವೈದ್ಯ ದಂಪತಿಯ ಮದುವೆ ಆ ಎರಡು ಹೂಡಿಕೆಗಳನ್ನು ಸರಿಗಟ್ಟುವ ದಾರಿಯಾಯಿತು ಎಂದು ನನಗೆ ತೋರುತ್ತದೆ. ‘ಓದಿಸಿದ್ದೇ ವರದಕ್ಷಿಣೆ ಅಂತ ತಿಳ್ಕೊಳಿ ಬೀಗ್ರೇ’ ಎಂಬ ಮಾತನ್ನು ಹೆಣ್ಣಿನ ತಂದೆ ಧೈರ್ಯವಾಗಿ ಆಡಬಲ್ಲದ್ದು ಮಗಳೂ ಡಾಕ್ಟರಾದಾಗ. ಪ್ರಸೂತಿ ತಜ್ಞೆಗೆ ಮಕ್ಕಳ ತಜ್ಞನೋ ಅರಿವಳಿಕೆ ತಜ್ಞನೋ ಜೊತೆಯಾದರೆ ತಾಲ್ಲೂಕು ಕೇಂದ್ರದಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಹೊರಗಿನ ತಜ್ಞರಿಗೆ ಕಾಯದೆ ನಡೆಯುತ್ತದೆ. ಸರ್ಕಾರಿ ಸೇವೆಯಲ್ಲಿದ್ದರೆ ವರ್ಗಾವಣೆಯಲ್ಲಿ ‘ಪತಿ-ಪತ್ನಿ ಪ್ರಕರಣ’ದ ಪರಿಗಣನೆಯೂ ಉಂಟು.

ಈ ಮಾತನ್ನು ಎಷ್ಟು ದೂರ ಒಯ್ಯಬಹುದು? ಬಹಳ ದೂರ ಅಲ್ಲ. ಶುಲ್ಕದ ಅಧಿಸೂಚನೆ ಮದುವೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನ್ನು ಜೋಡಿಸಿದ್ದು ನನ್ನ ಅನುಮಾನ ಪ್ರಮಾಣ. ಸಂಬಳವನ್ನೇ ನೋಡಿ ಸರ್ಕಾರಿ ವೈದ್ಯಾಧಿಕಾರಿಗೆ ಹೆಣ್ಣು ಕೊಟ್ಟವರಿಗೆ ಶ್ರೀನಿವಾಸರ ವಿವರಣೆಯೇ ಸರಿಹೊಂದುತ್ತದೆ. ವರದಕ್ಷಿಣೆ ಮುಟ್ಟದೆ ಮದುವೆಯಾದ ವೈದ್ಯರೂ ಇದ್ದಾರೆ. ಹೆಣ್ಣುಮಕ್ಕಳು ಡಾಕ್ಟರಾದ ಮನೆಗಳಲ್ಲಿ ವರದಕ್ಷಿಣೆ ನಿಂತೇಹೋಯಿತೆಂದೂ ನಾನು ಹೇಳುತ್ತಿಲ್ಲ. ಅದು ‘ಆಸ್ಪತ್ರೆ ಕಟ್ಟಿಸಿಕೊಡುವುದು’ ಎಂಬ ಮರ್ಯಾದಸ್ಥ ರೂಪ ತಾಳಿರಬಹುದು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕಣ್ಣಿಗೆ ಎರಡೂ ಒಂದೇ ಆಗಬೇಕು, ವ್ಯವಹಾರದಲ್ಲಿ ಹಾಗಾಗಿಲ್ಲ.

ಸೀಟಿಗೆ ಬೆಲೆ ಬರುವ ಮೊದಲಿನ ಒಂದು ಪ್ರಸಿದ್ಧ ಆಯ್ಕೆಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದರು. 1956ರಲ್ಲಿ ಅವರು ಕೈಹಿಡಿದದ್ದು ಆಸ್ತಿಯನ್ನೂ ಅಲ್ಲ, ಸಹೋದ್ಯೋಗಿಯನ್ನೂ ಅಲ್ಲ. ಬರವಣಿಗೆಯಿಂದಲೇ ಬದುಕಲು ಹೊರಟ ಎಡಪಂಥೀಯ ಲೇಖಕ ನಿರಂಜನರನ್ನು. ಅವರೇ ಡಾ. ಅನುಪಮಾ ನಿರಂಜನ. ಧಾರವಾಡ, ಬೆಂಗಳೂರುಗಳಲ್ಲಿ ವೈದ್ಯವೃತ್ತಿ ನಡೆಸುತ್ತಲೇ ಬರೆದರು. 1971ರಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿದ ಮೇಲೂ ಆ ಮನೆಯಲ್ಲಿ ಇಬ್ಬರ ಬರವಣಿಗೆಯೂ ನಿಲ್ಲಲಿಲ್ಲ. ‘ವಿಶ್ವಕಥಾಕೋಶ’ದ ಇಪ್ಪತ್ತೈದು ಸಂಪುಟಗಳು ನಿರಂಜನರ ಸಂಪಾದಕತ್ವದಲ್ಲಿ ಬಂದದ್ದು ಆಮೇಲೆ. ಮದುಮಕ್ಕಳಿಗೆಂದೇ ‘ವಧುವಿಗೆ ಕಿವಿಮಾತು’ ಬರೆದ ಈ ವೈದ್ಯೆಯ ಸ್ವಂತ ಆಯ್ಕೆ ಇಂದಿನ ಲೆಕ್ಕಕ್ಕೆ ಕೂಡುವುದಿಲ್ಲ. ಅದನ್ನು ಆ ಕಾಲದ ಸೀಟಿನ ವ್ಯವಸ್ಥೆಯೊಂದರಿಂದಲೇ ವಿವರಿಸಿದರೆ ಅವರ ವ್ಯಕ್ತಿತ್ವಕ್ಕೂ ಪ್ರಗತಿಶೀಲ ಚಳವಳಿಗೂ ಅಪಚಾರ. ಆದರೂ ಅಂಥ ಆಯ್ಕೆಗೆ ಅಡ್ಡ ಬರುವ ಸೀಟಿನ ಸಾಲ ಆಗ ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ನನ್ನ ಪ್ರತಿಪಾದನೆ ನಿಜವಾದರೆ ಸರ್ಕಾರಿ ಸೀಟಿನಲ್ಲಿ ಓದಿದವರು ಡಾಕ್ಟರಲ್ಲದವರನ್ನು ಮದುವೆಯಾಗುವುದು ಹೆಚ್ಚಿರಬೇಕು. ಹಾಗಿಲ್ಲವೆಂದು ತೋರಿಬಂದರೆ ಹೊಂದಾಣಿಕೆಯ ವಿವರಣೆಗೇ ಮರಳಬೇಕಾಗುತ್ತದೆ. ಮನೆತನದಲ್ಲಿ ಮೊದಲ ಬಾರಿಗೆ ಡಾಕ್ಟರಾದ ದಲಿತ, ಹಿಂದುಳಿದ ಸಮುದಾಯದವರ ಆಯ್ಕೆ ಜಾತಿಯ ಗೆರೆಯನ್ನು ಎಷ್ಟು ದಾಟಿದೆ ಎಂಬುದು ಪ್ರತ್ಯೇಕ ಅಧ್ಯಯನ ಬೇಡುವ ಪ್ರಶ್ನೆ.

ಇದನ್ನು ಪರೀಕ್ಷಿಸುವ ಆಕರ ಮನೆಗಳಲ್ಲೇ ಬಿದ್ದಿದೆ. ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲಿ ವಧೂವರರ ಹೆಸರಿನ ಕೆಳಗೆ ಪದವಿ, ತಂದೆತಾಯಿಯ ಊರು, ಮುಹೂರ್ತದ ತಾರೀಖು ಮೂರೂ ಅಚ್ಚಾಗಿರುತ್ತವೆ. ನಂಜನಗೂಡು, ನರಸೀಪುರ ತಾಲ್ಲೂಕುಗಳ ಓದುಗರು ಅರಿಸಿನ ಹಚ್ಚಿದ ಆ ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕದೆ ಸ್ಥಳೀಯ ಕಾಲೇಜುಗಳ ಸಮಾಜಶಾಸ್ತ್ರ ವಿಭಾಗಗಳಿಗೆ ಒಪ್ಪಿಸಬೇಕೆಂದು ಕೋರುತ್ತೇನೆ.