ಹೇರೆತ್ತು, ಕಾವಲು, ನಾಯಕ: ಮೈಸೂರು ಯುದ್ಧಕಾಲದ ಸರಬರಾಜು ಮತ್ತು ಅದರ ಜನ

ಇವತ್ತು ಸಪ್ಲೈ ಚೈನ್ ಓದುವವರೂ ಇತಿಹಾಸದವರೂ ಒಟ್ಟಿಗೆ ಕೂತಿದ್ದೀರಿ. ಅದಕ್ಕೇ ಇಬ್ಬರಿಗೂ ಸೇರುವ ವಿಷಯ ತಗೊಂಡಿದ್ದೇನೆ. ಸರಕು ಹೊರುವ ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳೋದು ಹೇಗೆ? ಲೀಡರ್‌ಶಿಪ್ ಅಂತ ನಾವು ಪಾಠದಲ್ಲಿ ಓದೋದು ಬಹುಮಟ್ಟಿಗೆ ಇದೇ ಪ್ರಶ್ನೆ. ಹದಿನೆಂಟನೇ ಶತಮಾನದಲ್ಲಿ ನಮ್ಮ ಸೀಮೆಯ ಸುತ್ತ ಇದಕ್ಕೆ ಮೂರು ಬೇರೆ ಬೇರೆ ಉತ್ತರಗಳಿದ್ದವು.

ನಮ್ಮ ಸೀಮೆ ಅಂದರೆ ಅಗಳಿ. ಮಡಕಶಿರಾ ತಾಲ್ಲೂಕು, ಹಳೆಯ ಅನಂತಪುರ ಜಿಲ್ಲೆ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಆಫೀಸು ತೆಲುಗು, ಮನೆಮಾತು ಕನ್ನಡ. ಪಶ್ಚಿಮಕ್ಕೆ ಶಿರಾ, 1687ರಲ್ಲಿ ಮೊಗಲರು ಅದನ್ನೇ ಒಂದು ಸುಬಾದ ಕೇಂದ್ರ ಮಾಡಿಕೊಂಡರು. ಉತ್ತರದಿಂದ ಬಂದ ದಂಡು ಶ್ರೀರಂಗಪಟ್ಟಣಕ್ಕೆ ಇಳಿಯೋದಕ್ಕೆ ಈ ಬಯಲು ಒಂದು ದಾರಿ. ಕಾಡುಗೊಲ್ಲರ ಹಟ್ಟಿಗಳು, ಹಳ್ಳಿಕಾರ್ ದನ, ಸುಗಾಲಿ ತಾಂಡಾಗಳು (ಆಚೆ ಕಡೆ ಲಂಬಾಣಿ ಅಂತಾರೆ) ಈ ಬಯಲುಸೀಮೆಗೆ ಹೊಸವಲ್ಲ.

ಮೊದಲು ಸೋತ ಉತ್ತರ ನೋಡೋಣ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊರಗೆ ಕಾಳಗವನ್ನೂ ಗೆದ್ದ. ಗೆದ್ದರೂ ಕೋಟೆಗೆ ಮುತ್ತಿಗೆ ಹಾಕಲು ಆಗಲಿಲ್ಲ. ಮಳೆ ಹಿಡಿದಿತ್ತು, ಮೇವಿಲ್ಲ, ದನಕ್ಕೆ ರೋಗ. ಟಿಪ್ಪುವಿನ ಕುದುರೆ ದಂಡು ಸುತ್ತಲಿನ ಮೇವು, ಟಪಾಲು ಎರಡನ್ನೂ ತಡೆದಿತ್ತು. ಎತ್ತು ಸತ್ತ ಮೇಲೆ ದೊಡ್ಡ ಫಿರಂಗಿ ಎಳೆಯೋರು ಯಾರು? ತನ್ನದೇ ಮುತ್ತಿಗೆ ತೋಪುಗಳನ್ನು ತಾನೇ ಹಾಳುಮಾಡಿ ಅವನು ವಾಪಸು ಹೊರಟ. ದಾರಿಯಲ್ಲಿ ಮರಾಠರ ಸೇನೆ ಸಿಕ್ಕಿದ್ದಕ್ಕೆ ಸೈನಿಕರಿಗೆ ಅನ್ನ ಸಿಕ್ಕಿತು, ಅದೂ ದುಬಾರಿ ಬೆಲೆಗೆ.

ಇದನ್ನು ಬರೀ ಹವಾಮಾನದ ಲೆಕ್ಕಕ್ಕೆ ಬರೆಯೋದು ನನಗೆ ಒಪ್ಪಿಗೆಯಿಲ್ಲ. ಮದ್ರಾಸ್ ಸೇನೆಯ ಎತ್ತುಗಳು ಹೆಚ್ಚಾಗಿ ಕಂಟ್ರಾಕ್ಟಿನವು. ತಲೆ ಎಣಿಕೆ ಮೇಲೆ ಬಾಡಿಗೆ. ಹಾಗಿದ್ದಾಗ ಎಣಿಕೆಯ ದಿನ ಎತ್ತು ನಿಂತಿದ್ದರೆ ಸಾಕು, ನಾಳೆ ನಡೆಯುತ್ತೋ ಇಲ್ಲವೋ ಕಂಟ್ರಾಕ್ಟುದಾರನಿಗೇನು? ಎತ್ತು ಹೊಡೆಯುವವನಿಗಂತೂ ಎತ್ತೂ ತನ್ನದಲ್ಲ, ಯುದ್ಧವೂ ತನ್ನದಲ್ಲ. ಕಷ್ಟ ಬಂದರೆ ಓಡಿಹೋಗುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ.

ಇದೇ ಯುದ್ಧದಲ್ಲಿ ಎದುರು ಪಕ್ಷದ ವ್ಯವಸ್ಥೆ ಬೇರೆ. ಚಿಕ್ಕದೇವರಾಜ ಒಡೆಯರ್ ಕಾಲದಲ್ಲಿ (1672-1704) ಅರಮನೆಗೆ ಹಾಲು-ಬೆಣ್ಣೆ ಒದಗಿಸಲು ಶುರುವಾದ ಬೆಣ್ಣೆ ಚಾವಡಿಯನ್ನು ಹೈದರಾಲಿ ದಂಡಿನ ಸಾಗಣೆಗೆ ತಿರುಗಿಸಿದ; ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಚಿದಂಬರದ ಕಡೆಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದದ್ದು ಈ ಎತ್ತುಗಳಿಂದಲೇ ಅಂತ ಬ್ರಿಟಿಷ್ ಬರಹಗಳು ಮತ್ತೆ ಮತ್ತೆ ಹೇಳುತ್ತವೆ. ಆ ಅಧಿಕಾರಿಗಳು ತಳಿಯನ್ನು ಹೊಗಳಿ ಸುಮ್ಮನಾಗುತ್ತಾರೆ. ನನ್ನ ವಾದ ಏನಂದರೆ, ಗುಟ್ಟು ಇದ್ದದ್ದು ತಳಿಗಿಂತ ಹೆಚ್ಚಾಗಿ ಅದರ ಹಿಂದಿನ ಏರ್ಪಾಡಿನಲ್ಲಿ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ಎಲ್ಲಿ ನೀರು ಯಾವ ತಿಂಗಳವರೆಗೆ ನಿಲ್ಲುತ್ತೆ ಅನ್ನೋದು ಕಾಯುವವರಿಗೆ ಗೊತ್ತು. ಆ ತಿಳಿವಳಿಕೆ ದಫ್ತರದಲ್ಲಿ ಇರುವಂಥದ್ದಲ್ಲ. ವರ್ಷಕ್ಕೊಮ್ಮೆ ದನಗಳ ಹಾಜರಿ. ಟಿಪ್ಪು ಎಷ್ಟೋ ಸಲ ಅಲ್ಲಿಗೆ ಖುದ್ದಾಗಿ ಬಂದು, ಒಳ್ಳೆಯ ಹಿಂಡು ಇಟ್ಟವರಿಗೆ ಇನಾಮು ಕೊಡುತ್ತಿದ್ದ. ಗಮನಿಸಿ, ಎಣಿಕೆ ಇಲ್ಲೂ ಇದೆ, ಕಂಪನಿಯಲ್ಲೂ ಇದೆ. ಅಲ್ಲಿ ತಲೆಗೆ ಬಾಡಿಗೆ, ಇಲ್ಲಿ ಸಾಕಿದ ಗುಣಕ್ಕೆ ಇನಾಮು. ಹಾಗಂತ ಇದನ್ನು ರಾಮರಾಜ್ಯ ಮಾಡಬೇಡಿ. ಇದು ಯುದ್ಧಕ್ಕೆ ನಿಂತ ಸರ್ಕಾರದ ಇಲಾಖೆ. ಕಾವಲು ಮೊದಲು ಸರ್ಕಾರದ ದನಕ್ಕೆ, ಊರ ದನ ಆಮೇಲೆ.

ಮೂರನೆಯ ಉತ್ತರ ಬಂಜಾರರದು. ಮುಂದಿನ ದಂಡಯಾತ್ರೆಗೆ ಕಂಪನಿ ಕಡೆಯ ಅಲೆಕ್ಸಾಂಡರ್ ರೀಡ್ ಅವರನ್ನು ಒಲಿಸಿಕೊಂಡ. ಇವರು ಕೂಲಿಗಳಲ್ಲ, ವ್ಯಾಪಾರಿಗಳು. ಧಾನ್ಯ ಅವರದೇ ಬಂಡವಾಳ, ಹೇರೆತ್ತು ಅವರದೇ, ಹೆಂಡತಿ ಮಕ್ಕಳು ಜೊತೆಯಲ್ಲೇ. ಎತ್ತು ದಾರಿಯಲ್ಲಿ ಮೇಯುತ್ತಾ ಬರುತ್ತೆ, ಆದ್ದರಿಂದ ನಡಿಗೆ ನಿಧಾನ, ಖರ್ಚು ಕಡಿಮೆ. ಮಾತಾಡೋದು ತಾಂಡಾದ ನಾಯಕನ ಹತ್ತಿರ; ಅವನು ಒಪ್ಪಿದರೆ ಸಾವಿರ ಎತ್ತು ಬರುತ್ತೆ, ಮುನಿದರೆ ಒಂದೂ ಇಲ್ಲ, ನೇರ ಎದುರು ಪಾಳೆಯಕ್ಕೇ ಹೋಗಬಹುದು. ಇಂಥವರಿಗೆ ಹುಕುಂ ಕೊಟ್ಟು ಪ್ರಯೋಜನವಿಲ್ಲ. ಬೆಲೆ ಸರಿಯಾಗಿರಬೇಕು, ದುಡ್ಡು ಕೈಗೆ ಬರಬೇಕು, ತಮ್ಮದೇ ಸಿಪಾಯಿಗಳು ಚೀಲ ದೋಚದ ಹಾಗೆ ನೋಡಿಕೊಳ್ಳಬೇಕು. 1792ರಲ್ಲಿ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ದಂಡಿನಲ್ಲಿ ಹಿಂದಿನ ವರ್ಷದ ಹಸಿವು ಇರಲಿಲ್ಲ. ಅದಕ್ಕೆ ಬಂಜಾರರು ಒಂದು ಮುಖ್ಯ ಕಾರಣ.

ಆಮೇಲಿನ ಕತೆಯಲ್ಲಿ ಮ್ಯಾನೇಜ್‌ಮೆಂಟಿನವರಿಗೆ ಒಂದು ಒಳ್ಳೆ ಕೇಸ್ ಇದೆ. 1799ರ ನಂತರ ಅಮೃತಮಹಲ್ ಮೈಸೂರು ಸರ್ಕಾರದ ಕೈಯಲ್ಲಿ ಸೊರಗಿತು. 1813ರಲ್ಲಿ ಮದ್ರಾಸ್ ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವಿ ವಹಿಸಿಕೊಂಡ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ, ಮದ್ರಾಸ್ ಗವರ್ನರ್ ಟ್ರೆವೆಲಿಯನ್ ಕಾಲದಲ್ಲಿ, ಖರ್ಚು ಜಾಸ್ತಿ ಅಂತ ಹಿಂಡುಗಳನ್ನು ಮಾರಿಬಿಟ್ಟರು. ಆರೇ ವರ್ಷಕ್ಕೆ, 1866ರಲ್ಲಿ, ಮತ್ತೆ ಕಟ್ಟಬೇಕಾಯಿತು! ಲೆಕ್ಕದ ಪುಸ್ತಕದಲ್ಲಿ ಮೇವು, ಸಂಬಳ ಕಾಣಿಸಿತ್ತು. ತಲೆಮಾರುಗಳ ಆಯ್ಕೆಯಿಂದ ಬಂದ ದನ ಮಾರಿದ ಮೇಲೆ ಸಂತೆಯಲ್ಲಿ ಸಿಗಲ್ಲ ಅನ್ನೋದು ಕಾಣಿಸಿರಲಿಲ್ಲ. ಬಂಜಾರರ ಹೇರು ವ್ಯಾಪಾರವನ್ನು ರಸ್ತೆ, ರೈಲು ಮುಗಿಸಿದವು. ಒಂದು ಕಾಲಕ್ಕೆ ದಂಡನ್ನು ಸಾಕಿದವರ ಅಲೆದಾಟವೇ ಆಮೇಲೆ ಪೊಲೀಸರ ಕಣ್ಣಿಗೆ ಅನುಮಾನವಾಯಿತು.

ಪ್ರಶ್ನೋತ್ತರದಲ್ಲಿ ಮೇಡಂ ಒಬ್ಬರು ಕೇಳಿದರು: "ಮೂರರಲ್ಲಿ ನಿಮ್ಮ ಆಯ್ಕೆ ಯಾವುದು?" ನನ್ನ ಉತ್ತರ: ಹಂಗಾಮಿನ ಕೆಲಸಕ್ಕೆ ನಾಯಕನ ಜೊತೆ ಕರಾರು, ವರ್ಷವಿಡೀ ಬೇಕಾದ ಕೆಲಸಕ್ಕೆ ಸ್ವಂತ ಇಲಾಖೆ. ತಲೆ ಎಣಿಸುವ ಕಂಟ್ರಾಕ್ಟು ಎರಡಕ್ಕೂ ಬೇಡ. ಆದರೆ ಇವತ್ತಿನ ಗೋಡೌನುಗಳಲ್ಲಿ, ಡೆಲಿವರಿಯಲ್ಲಿ ಹೆಚ್ಚಾಗಿ ನಡೀತಿರೋದು ಆ ಮೊದಲನೆಯದೇ.

ಇನ್ನೊಬ್ಬ ವಿದ್ಯಾರ್ಥಿ, "ಕಾವಲುಗಳು ಈಗ ಎಲ್ಲಿವೆ ಸಾರ್?" ಅಂದ. ಅಮೃತಮಹಲ್ ತಳಿ ಕೇಂದ್ರ ಅಜ್ಜಂಪುರದಲ್ಲಿ ಇದೆ. ಕಾವಲುಗಳನ್ನು ನೋಡಬೇಕಾದರೆ ಚಳ್ಳಕೆರೆ ಕಡೆ ಹೋಗಿ. ಅಲ್ಲಿ ಸಾವಿರಾರು ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿದ್ದಾರೆ, ಉದ್ದಕ್ಕೂ ಗೋಡೆ ಎದ್ದಿದೆ. ಕುರಿ, ದನ ಮೇಯಿಸೋ ಊರವರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿ ಬಂದರು.