ಊರೊಳಗಣ ವಿದ್ಯೆ, ಊರಾಚೆಯ ವಿದ್ಯೆ

ವಿಶ್ವವಿದ್ಯಾಲಯವು ಊರಿನ ನಡುವೆ ಇರಬೇಕೋ, ಊರಿನ ಗದ್ದಲದಿಂದ ದೂರ ನಿಲ್ಲಬೇಕೋ ಎಂಬ ಪ್ರಶ್ನೆಗೆ ಬೆಂಗಳೂರು ಒಮ್ಮೆ ಉತ್ತರ ಹೇಳಿತು; ಆಮೇಲೆ ಆ ಉತ್ತರವನ್ನು ತಾನೇ ಅಳಿಸಿತು.

ಸೆಂಟ್ರಲ್ ಕಾಲೇಜಿನ ಮೂಲ 1858ರಲ್ಲಿ ತೆರೆದ ಬೆಂಗಳೂರು ಹೈಸ್ಕೂಲು. 1875ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ವಿಶ್ವೇಶ್ವರಯ್ಯನವರೂ ರಾಜಾಜಿಯವರೂ ಅಲ್ಲಿ ಓದಿದರೆಂಬುದನ್ನು ಎಲ್ಲರೂ ಬಲ್ಲರು. ಕನ್ನಡದ ಮೇಷ್ಟರಾದ ನನಗೆ ಮುಖ್ಯವೆನಿಸುವುದು ಬೇರೆ. ಕಾಲೇಜೆಂದರೆ ಇಂಗ್ಲಿಷೆಂದೇ ಎಣಿಸಿದ್ದ ದಿನಗಳಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಅದರಿಂದ ಹುಟ್ಟಿತು. ಈ ಕೆಲಸದಲ್ಲಿ ಸ್ಥಳಕ್ಕೂ ಒಂದು ಪಾಲಿತ್ತೆಂದು ನಾನು ನಂಬಿದ್ದೇನೆ. ಕಾಲೇಜಿನಿಂದ ನಾಲ್ಕು ಹೆಜ್ಜೆ ನಡೆದರೆ ಮೈಸೂರು ಬ್ಯಾಂಕ್ ವೃತ್ತ, ಅದರಾಚೆ ಅವೆನ್ಯೂ ರಸ್ತೆ, ಪೇಟೆ. ಈಚೆಗೆ ಅಠಾರಾ ಕಚೇರಿ. ಗುಮಾಸ್ತರು, ವಕೀಲರು, ಅಂಗಡಿಯವರು ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲೇ ಭಾಷಣ ಕೇಳಿ ಹೋಗಬಹುದಾದ ಜಾಗವದು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಸೆಂಟ್ರಲ್ ಕಾಲೇಜೂ, 1917ರಷ್ಟು ಹಳೆಯದಾದ ಇಂಜಿನಿಯರಿಂಗ್ ಕಾಲೇಜೂ ಅದರ ಆಸ್ತಿ, ವಿ. ಕೃ. ಗೋಕಾಕರು ಮೊದಲ ಕುಲಪತಿಗಳು. ಹೊಸ ವಿಭಾಗ, ಪ್ರಯೋಗಶಾಲೆ, ವಿದ್ಯಾರ್ಥಿನಿಲಯಗಳಿಗೆ ಊರಿನಲ್ಲಿ ನೆಲವೆಲ್ಲಿ? ಮೈಸೂರು ರಸ್ತೆಯ ಕಡೆ ಸುಮಾರು 1100 ಎಕರೆ ದೊರೆಯಿತು. ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದ ಕಾಲ. 1973ರಲ್ಲಿ ಜ್ಞಾನಭಾರತಿಗೆ ವಲಸೆ ಆರಂಭವಾಯಿತು. ಎಲ್ಲರೂ ಗಂಟುಮೂಟೆ ಕಟ್ಟಲಿಲ್ಲ. ರಸಾಯನಶಾಸ್ತ್ರ, ಗಣಿತದಂಥ ವಿಭಾಗಗಳು ಬಹುಕಾಲ ಹಳೆಯ ಕಟ್ಟಡಗಳಲ್ಲೇ ಉಳಿದವು.

ನಾನು ಎಂ.ಎ. ಓದಿದ್ದು ಜ್ಞಾನಭಾರತಿಯಲ್ಲಿ. ಆ ಮರಗಳ ನೆರಳನ್ನೂ ಗ್ರಂಥಾಲಯದ ಮೌನವನ್ನೂ ಹಗುರಾಗಿ ಆಡಲಾರೆ. ಜಿ. ಎಸ್. ಶಿವರುದ್ರಪ್ಪನವರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಕೇಂದ್ರ ಹೊರತಂದ 'ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ'ಯಂಥ ಕೆಲಸಕ್ಕೆ ಪುಸ್ತಕ ಹರಡಿಕೊಳ್ಳಲು ಜಾಗವೂ ನೆಮ್ಮದಿಯೂ ಬೇಕೇ ಬೇಕು. ಆದರೂ ಒಂದು ಕೊರತೆ ನನ್ನನ್ನು ಕಾಡುತ್ತಿತ್ತು: ಎಂಥ ಪಂಡಿತರ ಉಪನ್ಯಾಸವಿದ್ದರೂ ಕೇಳುವವರು ನಾವೇ, ಅದೇ ಬೆಂಚಿನವರೇ! ಬಸವನಗುಡಿಯ ನಿವೃತ್ತ ಗುಮಾಸ್ತರೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತು ಪ್ರಾಧ್ಯಾಪಕರಿಗೆ ಸವಾಲು ಹಾಕುವ ಸಂದರ್ಭ ಅಲ್ಲಿ ಬರಲಿಲ್ಲ. ಸಂಜೆಯ ಬಸ್ಸು ಹೊರಟಿತೆಂದರೆ ವಿದ್ಯೆಗೂ ಅಂದಿನ ಮಟ್ಟಿಗೆ ಬಾಗಿಲು ಹಾಕಿದಂತೆ.

ಏಕಾಂತವನ್ನರಸಿ ಹೋದವರನ್ನು ಊರು ಸುಮ್ಮನೆ ಬಿಟ್ಟಿತೆ? ನಾಗರಬಾವಿ, ಕೆಂಗೇರಿಗಳ ಬಡಾವಣೆಗಳು ಬೆಳೆದು ಜ್ಞಾನಭಾರತಿಯನ್ನು ಸುತ್ತುಗಟ್ಟಿದವು. 2017ರಲ್ಲಿ ಸರ್ಕಾರ ವಿಶ್ವವಿದ್ಯಾಲಯವನ್ನೇ ಮೂರಾಗಿ ಒಡೆಯಿತು. ಸೆಂಟ್ರಲ್ ಕಾಲೇಜಿನ ಆವರಣ ಬೇರೊಂದು ವಿಶ್ವವಿದ್ಯಾಲಯದ ಕೇಂದ್ರವಾಯಿತು. ಒಂದೇ ಸಂಸ್ಥೆಯ ಎರಡು ಅಂಗಳಗಳ ನಡುವೆ ಇದ್ದ ಆಯ್ಕೆ ಈಗ ಎರಡು ಸಂಸ್ಥೆಗಳ ನಡುವಿನ ಆಯ್ಕೆಯಾಗಿದೆ. ಇದು ಆಡಳಿತಕ್ಕೆ ಅನುಕೂಲವಿರಬಹುದು. ಆದರೆ ಮೌನವಿರುವ ಕಡೆ ಜನವಿಲ್ಲ, ಜನವಿರುವ ಕಡೆ ಆ ದೊಡ್ಡ ಗ್ರಂಥಾಲಯವಿಲ್ಲ ಎಂಬ ಹಳೆಯ ತೊಡಕು ಇದರಿಂದ ಬಿಡಿಸಿಕೊಳ್ಳಲಿಲ್ಲ.

ನನ್ನ ವಿದ್ಯಾರ್ಥಿಗಳು "ಅಲ್ಲಿಗೋ ಇಲ್ಲಿಗೋ, ಸಾರ್?" ಎಂದು ಕೇಳಿದಾಗ, ಹಗಲು ಎಲ್ಲಾದರೂ ದುಡಿಯಬೇಕಾದವರಿಗೆ ಸೆಂಟ್ರಲ್ ಕಾಲೇಜನ್ನೂ, ಹಾಸ್ಟೆಲು ಹಿಡಿದು ಎರಡು ವರ್ಷ ಪುಸ್ತಕದಲ್ಲಿ ಮುಳುಗಬಲ್ಲವರಿಗೆ ಜ್ಞಾನಭಾರತಿಯನ್ನೂ ಹೇಳುತ್ತೇನೆ. 2016ರಿಂದ ಸೆಂಟ್ರಲ್ ಕಾಲೇಜಿಗೂ, 2021ರಿಂದ ಜ್ಞಾನಭಾರತಿಗೂ ಅವುಗಳ ಹೆಸರಿನದೇ ಮೆಟ್ರೋ ನಿಲ್ದಾಣಗಳಿವೆ. ಎರಡೂ ಒಂದೇ ನೇರಳೆ ಮಾರ್ಗದಲ್ಲಿವೆ. ನಡುವೆ ರೈಲು ಬದಲಿಸಬೇಕಾಗಿಲ್ಲ.